ರಟ್ಟು ಹಿಡಿಯದ ಕೈ

ಮಾರ್ಚ್ 4, ಮಂಗಳವಾರ

ಇವತ್ತು ನನ್ನ ಮಾನ ಉಳಿದದ್ದು ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಆಪರೇಟರಮ್ಮನ ಹೊರತು ಬೇರೆ ಯಾರೂ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ.

ದೊಡ್ಡ ಮೆಷೀನಿನ ಕೆಳಗೆ ಬೆಳಗ್ಗೆಯಿಂದ ಎಣ್ಣೆ ಹನಿ. ಕಟ್ಟಡದವರು ತಂದುಕೊಡುವ ಕಾಂಕ್ರೀಟ್ ಕ್ಯೂಬುಗಳನ್ನು ಒತ್ತಿ ಒಡೆದು, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದುಕೊಡುವುದು ನಮ್ಮ ಕಸುಬು. ಒತ್ತುವುದು ಎಣ್ಣೆ. ಪಂಪು ಓಡುವಾಗ ಆ ಪೈಪಿನೊಳಗೆ ಕಾರಿನ ಟೈರಿಗಿಂತ ನೂರು ಪಟ್ಟು ಹೆಚ್ಚು ಒತ್ತಡ. ಪೈಪು ಹಳತಾಗಿದೆ, ಬದಲಾಯಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ. ಮ್ಯಾನೇಜರು ಎರಡು ಸಲವೂ "ಮುಂದಿನ ತಿಂಗಳು" ಅಂದರು. ಅವರ ಕ್ಯಾಲೆಂಡರಿನಲ್ಲಿ ಆ ಒಂದು ತಿಂಗಳು ಮಾತ್ರ ಬರುವುದೇ ಇಲ್ಲ.

ಪಂಪು ನಡೆಸುವ ಆಪರೇಟರಮ್ಮ, "ಮೇಷ್ಟ್ರೇ, ಪಂಪ್ ನಿಲ್ಸಿ ಒತ್ತಡ ಇಳಿಸಿ ನೋಡೋಣ್ವಾ?" ಅಂದಳು.

"ನಿಲ್ಸಿದ್ರೆ ಸೋರಲ್ಲ, ಸೋರದಿದ್ರೆ ಕಾಣಲ್ಲ. ನೀನು ಪಂಪ್ ಹಾಕು, ಒತ್ತಡ ಏರಿಸು. ಎಲ್ಲಿ ಸೋರುತ್ತೆ ಅಂತ ನಾನು ನೋಡ್ತೀನಿ" ಅಂದೆ.

"ರಟ್ಟು ಕೊಡ್ಲಾ?"

ಸೋರುವ ಪೈಪಿನ ಹತ್ತಿರ ಕೈ ಒಯ್ಯಬಾರದು, ದೂರದಿಂದ ರಟ್ಟು ಹಿಡಿಯಬೇಕು, ಎಣ್ಣೆ ರಟ್ಟಿನ ಮೇಲೆ ಗೆರೆ ಎಳೆದು ತಾನೇ ಜಾಗ ತೋರಿಸುತ್ತದೆ. ನಾಲ್ಕು ವರ್ಷದ ಹಿಂದೆ ಈ ಪಾಠವನ್ನು ಅವಳಿಗೆ ಹೇಳಿಕೊಟ್ಟವನು ನಾನೇ. ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದವನೂ ನಾನೇ. ಇಂಥ ಉಪದೇಶಗಳಿಂದಲೇ ಎಲ್ಲರೂ ನನ್ನನ್ನು ಮೇಷ್ಟ್ರು ಅನ್ನುವುದು. ಅಂಥವನು, "ಇಪ್ಪತ್ತೆರಡು ವರ್ಷದಿಂದ ಈ ಮೆಷೀನಿನ ಜೊತೆ ಸಂಸಾರ ಮಾಡಿದ ಕೈ ಇದು. ರಟ್ಟು ನಿಂಗಿರ್ಲಿ" ಎಂದು ಪೈಪನ್ನು ಸವರುತ್ತಾ ಹೋದೆ.

ಎಡಗೈಯ ತೋರುಬೆರಳಿನ ತುದಿ ಚುರುಕ್ ಅಂತು. ಸೂಜಿ ತಾಗಿದ ಹಾಗೆ. ರಕ್ತವಿಲ್ಲ, ನೋವೂ ಅಷ್ಟಿಲ್ಲ. ಸಾಸಿವೆಗಿಂತ ಸಣ್ಣ ಚುಕ್ಕೆ. ಅವಳು ಪಂಪು ನಿಲ್ಲಿಸಿ ಓಡಿಬಂದು, "ಆಸ್ಪತ್ರೆಗೆ ಹೋಗಿ ಮೇಷ್ಟ್ರೇ, ಎಣ್ಣೆ ಒಳಗೆ ಹೋದ್ರೆ ಕೈ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ" ಎಂದು ಬೆನ್ನು ಹತ್ತಿದಳು. ಮೇಲೆ ತಾಗಿದೆ ಅಷ್ಟೇ, ಊರೆಲ್ಲ ಡಂಗುರ ಸಾರಬೇಡ ಅಂದೆ. ಸೋಪು ಹಾಕಿ ತೊಳೆದುಕೊಂಡೆ.

ಸಂಜೆ ಚಹಾ ಕುಡಿಯುತ್ತಾ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ನಕ್ಕಳು. ನನಗೂ ನಗು ಬಂತು. ಬೆರಳು ಸ್ವಲ್ಪ ಜೋಮು ಹಿಡಿದಂತಿದೆ, ಬೆಳಗ್ಗೆಗೆ ಹೋಗುತ್ತದೆ.

ಮಾರ್ಚ್ 5, ಬುಧವಾರ

ಹೋಗಲಿಲ್ಲ. ಬೆರಳು ಬಾಳೆಹಣ್ಣಿನ ಹಾಗೆ ಊದಿದೆ, ಬಣ್ಣ ಬೂದಿ. ರಜೆ ಹಾಕಿ ಬೀದಿ ಮೂಲೆಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ತಲೆಯೆತ್ತದೆ "ಮುಳ್ಳು ಚುಚ್ತಾ?" ಅಂದರು. ಹೊರಗೆ ಹತ್ತು ಜನ ಕಾಯುತ್ತಿದ್ದರು. ಹೌದು ಅಂದುಬಿಟ್ಟೆ. ಎಣ್ಣೆ, ಪಂಪು, ಒತ್ತಡ ಎಂದು ಅವರಿಗೆ ಪಾಠ ಮಾಡುತ್ತಾ ಯಾರು ಕೂರುತ್ತಾರೆ? ಒಂದು ಇಂಜೆಕ್ಷನ್, ಮೂರು ಬಗೆ ಮಾತ್ರೆ.

ಆಪರೇಟರಮ್ಮ ನಾಲ್ಕು ಸಲ ಫೋನ್ ಮಾಡಿದ್ದಾಳೆ. ಎತ್ತಲಿಲ್ಲ.

ಮಾರ್ಚ್ 7, ಶುಕ್ರವಾರ. ಆಸ್ಪತ್ರೆ

ನಿನ್ನೆ ಬೆಳಗ್ಗೆ ಹೆಂಡತಿ ನನ್ನ ಕೈ ನೋಡಿ ಕಿರುಚಿಕೊಂಡು ಆಟೋ ಕರೆದಳು. ಅಂಗೈವರೆಗೆ ಊತ ಹತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೈ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ನನ್ನ ಮಗಳ ವಯಸ್ಸು. ಏನಾಯಿತು ಎಂದು ಕೇಳಿದರು. ಮುಳ್ಳಿನ ಕತೆ ಶುರು ಮಾಡುವಷ್ಟರಲ್ಲಿ ಹೆಂಡತಿ ಅಡ್ಡ ಬಾಯಿ ಹಾಕಿ ಎಣ್ಣೆಯ ವಿಷಯ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಯಾವಾಗ ಆಗಿದ್ದು?"

"ಮಂಗಳವಾರ ಮಧ್ಯಾಹ್ನ."

"ಮಂಗಳವಾರ ಮಧ್ಯಾಹ್ನವೇ ಬರ್ಬೇಕಿತ್ತು. ನಿಮ್ಮ ಲ್ಯಾಬಲ್ಲಿ ಇದನ್ನೆಲ್ಲ ಹೇಳ್ಕೊಡೋರು ಯಾರೂ ಇಲ್ವಾ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಊದಿದ ಕೈ ನೋಡಿಕೊಂಡೆ.

ಒಂದು ಗಂಟೆಯೊಳಗೆ ಬೆರಳಿನ ತುದಿಯಿಂದ ಅಂಗೈ ನಡುವಿನವರೆಗೆ ಕೊಯ್ದು ತೆರೆದರು. ಸಾಸಿವೆ ಗಾತ್ರದ ತೂತು, ಒಳಗೆ ಎಣ್ಣೆ ಎಲ್ಲಾ ಕಡೆ ಹರಡಿಕೊಂಡಿತ್ತಂತೆ. ತೊಳೆದು, ಗಾಯವನ್ನು ಹೊಲಿಯದೆ ಹಾಗೇ ಬಿಟ್ಟಿದ್ದಾರೆ. ನಾಳೆ ಮತ್ತೆ ತೊಳೆಯುತ್ತಾರೆ, ನಾಡಿದ್ದೂ. ಕೈಯನ್ನು ಕಂಬಿಗೆ ನೇತು ಹಾಕಿ ಮಲಗಿಸಿದ್ದಾರೆ. ಪಾಠದ ನಡುವೆ ಕೈ ಎತ್ತಿ ಅನುಮತಿ ಕೇಳುವ ವಿದ್ಯಾರ್ಥಿ ಈಗ ನಾನು.

ಬರೆಯಲು ಬಲಗೈ ಉಳಿದಿದೆ. ಇನ್ನೇನೂ ಮಾಡಲು ಆಗುವುದಿಲ್ಲ. ಚಡ್ಡಿಯ ಲಾಡಿ ಬಿಚ್ಚಲಿಕ್ಕೂ ಹೆಂಡತಿಯನ್ನೇ ಕರೆಯಬೇಕು.

ಮಾರ್ಚ್ 9, ಭಾನುವಾರ

ಮೂರನೇ ಸಲ ತೊಳೆದರು. ಮೊಣಕೈವರೆಗೆ ಮಾತ್ರ ಮರಗಟ್ಟಿಸುತ್ತಾರೆ, ಕಿವಿ ತೆರೆದೇ ಇರುತ್ತದೆ. ಪರದೆಯ ಆಚೆ ಡಾಕ್ಟರಮ್ಮ ನರ್ಸಿಗೆ "ಇದು ಉಳಿಯಲ್ಲ ಅನ್ಸುತ್ತೆ" ಅಂದರು. ಯಾವುದು ಎಂದು ಕೇಳಲು ಧೈರ್ಯ ಬರಲಿಲ್ಲ.

ಮಲಗಿದಲ್ಲೇ ಲೆಕ್ಕ ಹಾಕುತ್ತಿರುತ್ತೇನೆ. ಪಂಪು ಹಾಕು ಅಂದದ್ದು ನಿಜ. ಆದರೆ ಒತ್ತಡವನ್ನು ಅಷ್ಟು ಮೇಲೆ ಏರಿಸು ಎಂದು ನಾನು ಹೇಳಿರಲಿಲ್ಲ. ಸೋರುವುದನ್ನು ನೋಡಲು ಅಷ್ಟು ಬೇಕಿರಲಿಲ್ಲ. ನಾಲ್ಕು ವರ್ಷದ ಅನುಭವ ಇದ್ದವಳಿಗೆ ಅಷ್ಟು ಗೊತ್ತಾಗಬೇಡವೇ?

ಸಂಜೆ ಆಪರೇಟರಮ್ಮ ಬಂದಿದ್ದಳಂತೆ. ನನಗೆ ಜೋಂಪು ಹತ್ತಿತ್ತು. ಬಾಗಿಲಲ್ಲೇ ನಿಂತು ಹೋದಳು ಎಂದು ಹೆಂಡತಿ ಹೇಳಿದಳು.

ಮಾರ್ಚ್ 12, ಬುಧವಾರ

ಮ್ಯಾನೇಜರು ಸೇಬು ಹಿಡಿದುಕೊಂಡು ಬಂದರು. ಒಂದು ಕೈಯಲ್ಲಿ ಸೇಬು ಹೆಚ್ಚುವುದು ಹೇಗೆ ಎಂದು ಅವರಿಗೆ ಹೊಳೆದಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಲ್ಯಾಬಿನ ಪರವಾನಗಿ ನೋಡುವವರು ತನಿಖೆಗೆ ಬರುತ್ತಾರೆ, ಒಂದು ಹೇಳಿಕೆ ಬೇಕು ಅಂದರು.

"ಪೈಪಿನ ತಪ್ಪು ಅಂತ ಬರೆದ್ರೆ ಮೆಷೀನಿಗೆ ಸೀಲು ಬೀಳುತ್ತೆ. ಹದಿನೆಂಟು ಜನ ಬೀದಿಗೆ ಬರ್ತಾರೆ. ನೀವೇ ಕೈ ಹಾಕಿದ್ರಿ ಅಂತ ಬರೆದ್ರೆ, ಮೇಷ್ಟ್ರೇ, ನಿಮ್ಮನ್ನ ಮತ್ತೆ ಒಳಗೆ ಬಿಡೋದು ನನ್ನ ಕೈಲಿಲ್ಲ. ಪಂಪ್ ಹತ್ರ ಯಾರಿದ್ರು?"

"ಆಪರೇಟರಮ್ಮ."

"ಹಾಕೋಕೆ ಮುಂಚೆ ಹೇಳಿದ್ಲಾ?"

"ಪಂಪಿನ ಸದ್ದಲ್ಲಿ ಯಾರು ಏನು ಹೇಳಿದ್ದು ಯಾರಿಗೆ ಕೇಳಿಸುತ್ತೆ" ಅಂದೆ.

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ. ಪಂಪು ಸದ್ದು ಮಾಡುವುದು ನಿಜ ತಾನೇ.

ಅವರು ಹೋದ ಮೇಲೆ ಹೆಂಡತಿ ಸೇಬು ಹೆಚ್ಚುತ್ತಾ, "ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ" ಅಂದಳು. ಮ್ಯಾನೇಜರಿಗೆ ಸರಿಯಾದ ಮಾತು. ಹೊಸ ಪೈಪು ತರಿಸಲಾಗದವನು ಈಗ ಕಂಡವರ ತಲೆಗೆ ಕಟ್ಟಲು ಹೊರಟಿದ್ದಾನೆ.

ಮಾರ್ಚ್ 15, ಶನಿವಾರ

ಬೆರಳು ತೆಗೆದರು.

ಮಾರ್ಚ್ 16, ಭಾನುವಾರ

ಇಲ್ಲದ ಬೆರಳು ತುರಿಸುತ್ತಿದೆ. ನರ್ಸಿಗೆ ಹೇಳಿದರೆ "ಹಾಗೇ ಆಗುತ್ತೆ" ಅಂತಾರೆ. ತುರಿಸಿಕೊಳ್ಳುವುದು ಎಲ್ಲಿ?

ಮಾರ್ಚ್ 18, ಮಂಗಳವಾರ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅನ್ನುತ್ತಾರೆ. ನನ್ನ ವಿಷಯದಲ್ಲಿ ಉಗುರೂ ಹೋಯಿತು, ಕೊಡಲಿಯೂ ಬಂತು. ಮೊದಲ ದಿನವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತು ಎಂದು ಡಾಕ್ಟರಮ್ಮ ಇವತ್ತೂ ಅಂದರು. ಅದನ್ನು ಎಷ್ಟು ಸಲ ಹೇಳುತ್ತಾರೆ? ಅವತ್ತು ಆಪರೇಟರಮ್ಮ ನನ್ನನ್ನು ಎಳೆದುಕೊಂಡಾದರೂ ಬರಬೇಕಿತ್ತು. ಬಾಯಿಮಾತಿಗೆ ಹೋಗಿ ಎಂದಳು, ಅಷ್ಟೇ.

ಮಧ್ಯಾಹ್ನ ಆಫೀಸಿನವನೊಬ್ಬ ಹೇಳಿಕೆಯನ್ನು ಟೈಪು ಮಾಡಿಸಿ ತಂದ. "ಪೈಪನ್ನು ಕಣ್ಣಿನಿಂದ ಪರೀಕ್ಷಿಸುತ್ತಿದ್ದಾಗ ಮುನ್ಸೂಚನೆ ಇಲ್ಲದೆ ಪಂಪು ಚಾಲೂ ಆಯಿತು." ಚಾಲೂ ಮಾಡಿದರು ಎಂದಿಲ್ಲ, ಚಾಲೂ ಆಯಿತು ಎಂದಿದೆ. ಯಾರ ಹೆಸರೂ ಇಲ್ಲ. ಎರಡು ಸಲ ಓದಿದೆ. ಮುನ್ಸೂಚನೆ ಎಂಬ ಮಾತಿನಲ್ಲಿ ಸ್ವಲ್ಪ ತಕರಾರಿತ್ತು. ಆದರೆ ಯೋಚಿಸಿದರೆ, ಅವಳು "ಹಾಕ್ತಿದ್ದೀನಿ" ಎಂದು ಕೂಗಿ ಹೇಳಿದ್ದು ನನಗೆ ನೆನಪಿಲ್ಲ. ಹಾಗೆ ಕೂಗಿ, ನಾನು "ಹಾಕು" ಅಂದ ಮೇಲೆಯೇ ಗುಂಡಿ ಒತ್ತಬೇಕು. ಅದು ನಿಯಮ. ಆ ನಿಯಮವನ್ನೂ ನಾನೇ ಬರೆದದ್ದು.

ಕಾಗದ ಜಾರದಂತೆ ಆಫೀಸಿನವನೇ ಒತ್ತಿ ಹಿಡಿದುಕೊಂಡ. ಸಹಿ ಹಾಕಿದೆ.

ಮಾರ್ಚ್ 22, ಶನಿವಾರ

ಮನೆಗೆ ಬಂದೆ. ಮೂರನೇ ಮಹಡಿ ಹತ್ತುವಾಗ ಅಕ್ಕಪಕ್ಕದವರೆಲ್ಲ ಬಾಗಿಲು ತೆರೆದು ನೋಡಿದರು. ಎದುರುಮನೆಯ ಅಜ್ಜಿ "ಏನಾಯ್ತಪ್ಪಾ?" ಅಂದರು. "ಕೇಳದೆ ಪಂಪ್ ಹಾಕ್ಬಿಟ್ರು ಅಜ್ಜಿ" ಅಂದೆ. "ಅಯ್ಯೋ, ಕಣ್ಣು ಕಾಣಲ್ವಾ ಅವರಿಗೆ!" ಎಂದು ಮರುಗಿದರು. ಒಳ್ಳೆಯ ಹೆಂಗಸು.

ಹೆಂಡತಿ ಒಳಗೆ ಬಂದು ಬ್ಯಾಗನ್ನು ಧೊಪ್ಪನೆ ಇಟ್ಟಳು. ಹದಿನೈದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದಾಳೆ, ಸಿಟ್ಟು ಬರುವುದು ಸಹಜ.

ಮಾರ್ಚ್ 26, ಬುಧವಾರ

ಆಪರೇಟರಮ್ಮನನ್ನು ತನಿಖೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದ್ದಾರಂತೆ. ಮ್ಯಾನೇಜರೇ ಫೋನು ಮಾಡಿ ತಿಳಿಸಿದರು. ಕೆಲಸಕ್ಕೆ ಮರಳಿದ ಮೇಲೆ ನನಗೆ ಮೆಷೀನು ಮುಟ್ಟುವ ಕೆಲಸವಿಲ್ಲ, ಹೊಸದಾಗಿ ಸೇರುವವರಿಗೆ ಸುರಕ್ಷತೆಯ ಪಾಠ ಮಾಡಿದರೆ ಸಾಕಂತೆ. "ನಿಮ್ಮ ಕೈ ತೋರಿಸಿದ್ರೆ ಸಾಕು, ಅರ್ಧ ಪಾಠ ಆಯ್ತು" ಎಂದು ನಕ್ಕರು. ನಾನೂ ನಕ್ಕೆ. ಫೋನಿಟ್ಟ ಮೇಲೆ ಮೈಯೆಲ್ಲ ಉರಿಯಿತು.

ಪಾಪ ಅನ್ನಿಸುತ್ತದೆ ಅವಳ ವಿಷಯ. ಗಂಡ ಬಿಟ್ಟುಹೋಗಿದ್ದಾನೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ತಾಯಿ. ಮನೆ ನಡೆಯುವುದೇ ಅವಳೊಬ್ಬಳ ಕೆಲಸದ ಮೇಲೆ. ಆದರೆ ನಿಯಮ ನಿಯಮವೇ. ಕೇಳದೆ ಪಂಪು ಹಾಕಬಾರದಿತ್ತು. ನಾನು ಕರುಣೆ ತೋರಿಸಿದರೆ ನಾಳೆ ಇನ್ನೊಬ್ಬರ ಕೈ ಹೋಗುತ್ತದೆ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಹೆಂಡತಿ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ನಿಂತುಕೊಂಡೇ ಉಂಡಳು.

ಮಾರ್ಚ್ 29, ಶನಿವಾರ

ಶರ್ಟಿನ ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಹೆಣಗಿದೆ. ಕಡೆಗೆ ಟೀ ಶರ್ಟು ಸಿಕ್ಕಿಸಿಕೊಂಡೆ. ಹಣ್ಣು ಸುಲಿಯಲು ಆಗುವುದಿಲ್ಲ, ಡಬ್ಬಿಯ ಮುಚ್ಚಳ ತೆಗೆಯಲು ಆಗುವುದಿಲ್ಲ. ಇನ್ನೂರು ಟನ್ನು ಭಾರವನ್ನು ಒಂದು ಬೆರಳಲ್ಲಿ ಆಡಿಸುತ್ತಿದ್ದವನು ಟೂತ್‌ಪೇಸ್ಟಿನ ಮುಚ್ಚಳದ ಮುಂದೆ ಸೋತು ಅತ್ತೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾರಿಗೂ ಕೇಳಿಸಿರಲಾರದು.

ಏಪ್ರಿಲ್ 2, ಬುಧವಾರ

ತನಿಖೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು, ಮಾತು ಕಮ್ಮಿ. ದೊಡ್ಡ ಮೆಷೀನಿಗೆ ಹೊಸ ಪೈಪು ಬಂದಿತ್ತು. ಆ ಮುಂದಿನ ತಿಂಗಳು ಕೊನೆಗೂ ಬಂತು ನೋಡಿ.

ನಾನು ನಡೆದದ್ದನ್ನು ಹೇಳಿದೆ. ಬಗ್ಗಿ ಪೈಪು ನೋಡುತ್ತಿದ್ದೆ, ಕೈ ಆಸರೆಗೆ ಇಟ್ಟಿದ್ದೆ, ಹಠಾತ್ತಾಗಿ ಪಂಪು ಓಡಿತು. ಒಂದೂ ತಡವರಿಕೆಯಿಲ್ಲದೆ ಹೇಳಿದೆ. ಹೇಳುವಾಗ ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಅಧಿಕಾರಿ ಆಪರೇಟರಮ್ಮನ ಕಡೆ ತಿರುಗಿದರು. ಅವಳು ಸೊರಗಿದ್ದಾಳೆ. ನನ್ನ ಕೈಗೆ ಸುತ್ತಿದ ಬ್ಯಾಂಡೇಜನ್ನೇ ನೋಡುತ್ತಿದ್ದಳು.

"ಮೇಷ್ಟ್ರೇ ಪಂಪ್ ಹಾಕು ಅಂದ್ರು ಅಂತ ನನ್ನ ನೆನಪು ಸರ್. ರಟ್ಟಿನ ಮಾತೂ ಆಯ್ತು ಅಂತ ನೆನಪು."

"ಅವರು ಇಲ್ಲ ಅಂತಿದ್ದಾರಲ್ಲ?"

ಅವಳು ಕಣ್ಣೆತ್ತಿ ನನ್ನ ಮುಖ ನೋಡಿದಳು. ಆಮೇಲೆ, "ಮೇಷ್ಟ್ರು ಸುಳ್ಳು ಹೇಳೋರಲ್ಲ ಸರ್. ನಂಗೆ ಅವತ್ತು ಗಾಬರಿಯಾಗಿತ್ತು. ಬೇರೆ ಯಾವತ್ತೋ ಆಡಿದ ಮಾತನ್ನ ಅವತ್ತಿಗೆ ಸೇರಿಸ್ಕೊಂಡಿದ್ದೀನೇನೋ" ಅಂದಳು.

ಅಲ್ಲಿಗೆ ಮುಗಿಯಿತು. ತೀರ್ಮಾನ ಸೋಮವಾರ. ಮ್ಯಾನೇಜರು ನನ್ನ ಭುಜ ತಟ್ಟಿದರು. ನನಗೂ ಮನಸ್ಸು ಹಗುರವಾಗಬೇಕಿತ್ತು. ಮನೆಗೆ ಬಂದು ಎರಡು ತುತ್ತಿಗೇ ತಟ್ಟೆ ಬಿಟ್ಟು ಎದ್ದೆ. ಮಾತ್ರೆಯ ಉಷ್ಣ ಇರಬೇಕು.

ಏಪ್ರಿಲ್ 5, ಶನಿವಾರ

ಇವತ್ತು ಸಂಜೆ ಆಪರೇಟರಮ್ಮ ಮನೆಗೆ ಬಂದಳು.

ಕುರ್ಚಿಯ ತುದಿಯಲ್ಲಿ ಕೂತು, ಚಹಾ ಬೇಡ ಎಂದಳು. ಹೆಂಡತಿ ಆದರೂ ತರಲು ಹೋದಳು. ಕೆಲಸ ಉಳಿಸಿಕೊಡಿ ಎಂದು ಕೇಳಲು ಬಂದಿದ್ದಾಳೆ ಅಂದುಕೊಂಡು ನಾನು ಮನಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವಳು ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಅಂದಳು:

"ನಿದ್ದೆ ಬರ್ತಿಲ್ಲ ಮೇಷ್ಟ್ರೇ. ದಿನಾ ಆ ಹೊತ್ತನ್ನೇ ನೆನಪು ಮಾಡ್ಕೊಳ್ತೀನಿ. ನೀವು ಹಾಕು ಅಂದಿದ್ದು ಒಂದ್ಸಲ ಕೇಳಿಸುತ್ತೆ, ಒಂದ್ಸಲ ಕೇಳಿಸಲ್ಲ. ನೀವು ಹೇಳಿಲ್ಲ ಅಂದ್ಮೇಲೆ ಹೇಳಿರಲ್ಲ. ನಾನೇ ಒತ್ತಿದ್ದೀನಿ. ನನಗೆ ಕೆಲಸ ಕಲಿಸಿದ ಕೈನ ನಾನೇ ತೆಗೆದುಬಿಟ್ನಲ್ಲ. ಕೆಲಸ ಹೋದ್ರೆ ಹೋಗ್ಲಿ. ನೀವು ಕ್ಷಮಿಸಿದ್ದೀನಿ ಅನ್ನಿ, ಸಾಕು."

ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದೊಡ್ಡ ಹೆಂಗಸು ಮಗುವಿನ ಹಾಗೆ ಅಳುವುದನ್ನು ನೋಡಿ ಕಲ್ಲಾದರೂ ಕರಗಬೇಕು. ನಾನು ಬಲಗೈಯನ್ನು ಅವಳ ತಲೆಯ ಮೇಲಿಟ್ಟು, "ಆಯ್ತು ಬಿಡಮ್ಮಾ, ಕ್ಷಮಿಸಿದ್ದೀನಿ. ಇನ್ಮೇಲೆ ಹುಷಾರಾಗಿರು" ಅಂದೆ.

ಏನೋ ಒಡೆದ ಸದ್ದಾಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಚಹಾ ನೆಲದ ಮೇಲಿತ್ತು, ಲೋಟದ ಚೂರುಗಳೂ. ಇವಳು ಅದನ್ನು ಬಳಿಯಲಿಲ್ಲ. ಆಪರೇಟರಮ್ಮ ಎದ್ದು ನಮಸ್ಕಾರ ಮಾಡಿ ಹೊರಟಾಗ ಇವಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಇಳಿದಳು.

ನಾನು ಕಿಟಕಿಗೆ ಹೋದೆ. ಕೆಳಗೆ ಬೈಕುಗಳ ನಡುವೆ ಇಬ್ಬರೂ ನಿಂತಿದ್ದರು. ಮಾತಾಡುತ್ತಿದ್ದವಳು ಇವಳು. ಮೂರನೇ ಮಹಡಿಗೆ ಏನೂ ಕೇಳಿಸಲಿಲ್ಲ. ಇವಳು ತನ್ನ ಎಡಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಉದ್ದಕ್ಕೆ ಏನನ್ನೋ ಸವರುವಂತೆ ಮಾಡಿ ತೋರಿಸಿದಳು. ಆಪರೇಟರಮ್ಮ ಅಳು ನಿಲ್ಲಿಸಿದಳು. ಮೆಲ್ಲಗೆ ತಲೆಯೆತ್ತಿ ನಮ್ಮ ಕಿಟಕಿಯನ್ನು ನೋಡಿದಳು. ನಾನು ಪರದೆಯ ಹಿಂದೆ ಸರಿದೆ. ಯಾಕೆ ಸರಿದೆನೋ ಗೊತ್ತಿಲ್ಲ.

ಹೆಂಡತಿ ಮೇಲೆ ಬಂದು ಚೂರುಗಳನ್ನು ಆಯತೊಡಗಿದಳು.

"ಏನಂದೆ ಅವಳಿಗೆ?"

"ನಿಜ ಹೇಳ್ದೆ."

"ಯಾವ ನಿಜ?"

ಅವಳು ಕೈಯಲ್ಲಿ ಚೂರು ಹಿಡಿದುಕೊಂಡೇ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಅವಳ ಮುಖದಲ್ಲಿ ಮೊದಲು ಸಿಟ್ಟಿತ್ತು, ಆಮೇಲೆ ಹೆದರಿಕೆ ಬಂತು. ನಾನು ವಾದಕ್ಕೆ ಕೇಳಿದ್ದಲ್ಲ. ನನಗೆ ನಿಜಕ್ಕೂ ತಿಳಿಯದೆ ಕೇಳಿದ್ದೆ. ಸೋಮವಾರ ತೀರ್ಮಾನಕ್ಕೆ ನನ್ನನ್ನೂ ಆಪರೇಟರಮ್ಮನನ್ನೂ ಮತ್ತೆ ಕರೆಯುತ್ತಾರೆ.